‘ಸಮುದ್ರ ಮಟ್ಟ’ ಅಂದರೆ ಯಾವ ಮಟ್ಟ?

2010ರ ನವೆಂಬರ್ ಕೊನೆ. ನಾನಾಗ ಅಂಕೋಲೆಯಲ್ಲಿ ಐದನೇ ತರಗತಿ. ಕೈಗಾದ ನಾಲ್ಕನೇ ಘಟಕ ‘ಕ್ರಿಟಿಕಲ್’ ಆಯಿತು ಎಂದು ಟಿ.ವಿ.ಯಲ್ಲಿ ಹೇಳಿದ್ದೇ ತಡ, ಅಜ್ಜಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು. ಅದೇ ಮಳೆಗಾಲದಲ್ಲಿ ಅಜ್ಜ ತೀರಿಕೊಳ್ಳುವ ಮುನ್ನ ಡಾಕ್ಟರು ಹೇಳಿದ್ದೂ ಅದೇ ಶಬ್ದ. “ತಮಾ, ಅದಕ್ಕೂ ಕ್ರಿಟಿಕಲ್ಲೇ ಆಯ್ತಾ? ಇನ್ನು ನಾವೆಲ್ಲ ಎಲ್ಲಿಗೆ ಹೋಗೂದು?” ಎಂದಳು. ನಾವೆಲ್ಲ ನಕ್ಕುಬಿಟ್ಟೆವು.

ಎಂಜಿನಿಯರಿಂಗ್ ಓದುವಾಗ ವಿಷಯ ತಿಳಿಯಿತು. ಅಣು ಸ್ಥಾವರದಲ್ಲಿ ‘ಕ್ರಿಟಿಕಲ್’ ಎಂದರೆ ಸರಪಳಿ ಕ್ರಿಯೆ ತನ್ನಷ್ಟಕ್ಕೆ ತಾನೇ ಒಂದೇ ಹದದಲ್ಲಿ ಮುಂದುವರಿಯುವ ಸ್ಥಿತಿ. ಅಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ! ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ಆಗ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಅದು ಕ್ರಿಟಿಕಲ್ ಆಗಿಯೇ ಇತ್ತು. ಹಾಗೆಯೇ ‘ಟ್ರಿಪ್’. ನಮಗೆ ಕಾಲೇಜಿನ ಪ್ರವಾಸ. ಸ್ಥಾವರದವರಿಗೆ ಯಂತ್ರ ತಾನಾಗಿಯೇ ನಿಂತುಹೋಗುವುದು.

ಅಜ್ಜಿಯನ್ನು ನೋಡಿ ನಕ್ಕ ನಾನು, ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ಬೇರೆಯವರಿಗೆ ಅದೇ ಗೊಂದಲ ತಂದಿಟ್ಟೆ.

ಕಾರವಾರದ ಕಡಲ ದಂಡೆಯ ಸಣ್ಣ ಕಾಮಗಾರಿಯೊಂದರಲ್ಲಿ ನಾನು ಟ್ರೇನಿ. ದೋಣಿಯಿಂದ ಇಳಿಯುವವರಿಗೆ ಮೆಟ್ಟಿಲು ಕಟ್ಟಬೇಕಿತ್ತು. ನಕ್ಷೆ ನೋಡಿ ಮೇಸ್ತ್ರಿಗೆ ವಾಟ್ಸ್ಆ್ಯಪ್ ಕಳಿಸಿದೆ: “ಮೇಲಿನ ಮೆಟ್ಟಿಲು ಸಮುದ್ರ ಮಟ್ಟದಿಂದ 2.5 ಮೀಟರ್.” ಆದರೆ ಸಮುದ್ರಕ್ಕೆ ಇರುವುದು ಒಂದೇ ಮಟ್ಟವಲ್ಲ. ನೆಲದ ಎತ್ತರವನ್ನು ಅಳೆಯುವುದು ಸಮುದ್ರದ ಸರಾಸರಿ ಮಟ್ಟದಿಂದ. ಹಡಗಿನವರ ನಕ್ಷೆಯಲ್ಲಿ ಆಳವನ್ನು ಅಳೆಯುವುದು ಇಳಿತದ ತೀರಾ ಕೆಳಗಿನ ಮಟ್ಟದಿಂದ. ಅದಕ್ಕೆ ‘ಚಾರ್ಟ್ ಡೇಟಮ್’ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಇವೆರಡರ ನಡುವೆ ಸುಮಾರು ಒಂದು ಮೀಟರ್ ಅಂತರವಿದೆ. ನನ್ನ ನಕ್ಷೆಯ ಸೊನ್ನೆ ಎರಡನೆಯದು. ಮೇಸ್ತ್ರಿ ಹಿಡಿದದ್ದು ಮೊದಲನೆಯದು.

ಕಾಂಕ್ರೀಟ್ ಹಾಕುವ ಮುನ್ನ ಹಿರಿಯರೊಬ್ಬರು ಗಮನಿಸಿದ್ದರಿಂದ ಬಚಾವಾದೆವು. ಕಟ್ಟಿದ್ದ ಸೆಂಟ್ರಿಂಗ್ ಅಷ್ಟನ್ನೂ ಬಿಚ್ಚಬೇಕಾಯಿತು. ಆರು ಮಂದಿ ಕೂಲಿಯವರ ಎರಡು ದಿನದ ಪಗಾರಕ್ಕೆ ಗುತ್ತಿಗೆದಾರ ತಕರಾರು ತೆಗೆದ. ನನ್ನ ಸ್ಟೈಪೆಂಡ್ ಮಾತ್ರ ಪೂರ್ತಿ ಬಂತು. ಅದು ಇಂದಿಗೂ ಚುಚ್ಚುತ್ತದೆ.

ಇಂಥ ಎಡವಟ್ಟು ದೊಡ್ಡವರಿಂದಲೂ ಆಗಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಲಾಫೆನ್‌ಬರ್ಗ್‌ನಲ್ಲಿ ರೈನ್ ನದಿಗೆ ಸೇತುವೆ ಕಟ್ಟುವಾಗ, ಒಂದು ದೇಶದ ‘ಸಮುದ್ರ ಮಟ್ಟ’ ಉತ್ತರ ಸಮುದ್ರದ್ದು, ಇನ್ನೊಂದರದ್ದು ಮೆಡಿಟರೇನಿಯನ್ನಿನದು. 27 ಸೆಂಟಿಮೀಟರ್ ವ್ಯತ್ಯಾಸ ಇದೆಯೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಕೂಡಿಸಬೇಕಾದಲ್ಲಿ ಕಳೆದು, 2003ರಲ್ಲಿ ನೋಡಿದರೆ ಎರಡೂ ದಡದ ನಡುವೆ 54 ಸೆಂಟಿಮೀಟರ್ ಏರುಪೇರು!

ಅಂದಿನಿಂದ ನಾನು ಮೂರು ನಿಯಮ ಮಾಡಿಕೊಂಡಿದ್ದೇನೆ. ಸಂದರ್ಶನಕ್ಕೆ ಹೊರಟ ಗೆಳೆಯರಿಗೂ ಇವು ಉಪಯೋಗವಾದಾವು. ಒಂದು, ಅಂಕಿಯ ಜೊತೆ ಅಳತೆಯ ಮಾನವನ್ನೂ ‘ಎಲ್ಲಿಂದ’ ಎಂಬುದನ್ನೂ ಬರೆಯುವುದು. ಎರಡು, ಎರಡು ಅರ್ಥವಿರುವ ಶಬ್ದ ಬಂದರೆ ಅದನ್ನು ಬಿಟ್ಟು, ಆದದ್ದನ್ನೇ ಹೇಳುವುದು. ‘ಟ್ರಿಪ್ ಆಯಿತು’ ಅನ್ನುವ ಬದಲು ‘ಯಂತ್ರ ತಾನಾಗಿಯೇ ನಿಂತಿತು’. ಮೂರು, “ಗೊತ್ತಾಯ್ತಾ?” ಎಂದು ಕೇಳದೆ “ಏನು ಮಾಡ್ತೀರಿ, ಹೇಳಿ” ಎಂದು ಕೇಳುವುದು. ಮೊದಲನೆಯದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಎರಡನೆಯದಕ್ಕೆ ಮೇಸ್ತ್ರಿ ಉತ್ತರ ಕೊಟ್ಟಿದ್ದರೆ ಅಂದೇ ನನ್ನ ತಪ್ಪು ಸಿಕ್ಕಿಬೀಳುತ್ತಿತ್ತು.

ಮೊನ್ನೆ ಊರಿಗೆ ಹೋದಾಗ ಅಜ್ಜಿಗೆ ಕೈಗಾದ ಕ್ರಿಟಿಕಲ್ ಅಂದರೆ ಏನೆಂದು ಕೊನೆಗೂ ಬಿಡಿಸಿ ಹೇಳಿದೆ. ಕವಳ ಜಗಿಯುತ್ತ ಕೇಳಿಸಿಕೊಂಡವಳು ಇಷ್ಟೇ ಅಂದಳು: “ಹಂಗಾರೆ ‘ಶುರುವಾಯ್ತು’ ಹೇಳಿದ್ರೆ ಸಾಕಾಗ್ತಿತ್ತಲ್ಲ, ತಮಾ?”