ಮನೆ ಮೇಲಿನ ಸೋಲಾರ್: ಹಾಕಿಸಿದರೆ ಸಾಲದು, ಲೆಕ್ಕ ಇಡಬೇಕು

ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., 3ನೆಯದಕ್ಕೆ 18,000 ರೂ., ಹೀಗೆ ಒಟ್ಟು 78,000 ರೂ.ವರೆಗೆ ಸಹಾಯಧನ ಸಿಗುತ್ತದೆ. ಮಿಕ್ಕ ಹಣ ನಮ್ಮ ಕೈಯಿಂದಲೇ ಹೋಗಬೇಕು. ಅಂಗಡಿಗೆ ಬಂಡವಾಳ ಹಾಕಿದವರು ದಿನದ ವ್ಯಾಪಾರ ಬರೆದಿಡುತ್ತೇವೆ. ತಾರಸಿಗೆ ಹಾಕಿದ ಬಂಡವಾಳವನ್ನು ಮಾತ್ರ ಮರೆತುಬಿಡುತ್ತೇವೆ. ಇಲ್ಲಿಯೇ ನಷ್ಟ ಶುರುವಾಗುವುದು.

ಎಷ್ಟು ಬರಬೇಕು?

ನಮ್ಮ ರಾಜ್ಯದಲ್ಲಿ ನೆರಳಿಲ್ಲದ ಜಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್‌ನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಅಂದರೆ 3 ಕಿಲೋವ್ಯಾಟ್‌ಗೆ ಸುಮಾರು 12 ಯೂನಿಟ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕಿಂತ ಹೆಚ್ಚು ಬರಬಹುದು. ಮಳೆಗಾಲದಲ್ಲಿ, ಅದರಲ್ಲೂ ಮೂಡುಬಿದಿರೆ, ಕಾರ್ಕಳದ ಕಡೆ, ಬಹಳ ಇಳಿಯುತ್ತದೆ. ಅದು ಪ್ಯಾನೆಲ್‌ನ ದೋಷವಲ್ಲ. ಆದರೆ ಒಳ್ಳೆಯ ಬಿಸಿಲಿನಲ್ಲೂ ದಿನಕ್ಕೆ 2 ಯೂನಿಟ್ ಕಡಿಮೆ ಬರುತ್ತಿದ್ದರೆ ವರ್ಷಕ್ಕೆ 730 ಯೂನಿಟ್ ಹೋಯಿತು. ಯೂನಿಟ್‌ಗೆ 6 ರೂ. ಹಿಡಿದರೂ 4,380 ರೂ. ನಷ್ಟ.

ನೆರಳು

ಒಂದು ಸಾಲಿನ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ನೀರಿನ ಪೈಪ್ ಒಂದು ಕಡೆ ಮಡಚಿಕೊಂಡರೆ ಇಡೀ ಪೈಪಿನ ನೀರು ಕಡಿಮೆಯಾಗುವಂತೆ, ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಕೊಡಬಹುದು. ತೆಂಗಿನ ಗರಿ, ಡಿಶ್ ಆಂಟೆನಾ, ನೀರಿನ ಟ್ಯಾಂಕ್ ಇವನ್ನೆಲ್ಲ ಗಮನಿಸಿ.

ಮೇ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಟ್ಯಾಂಕಿನ ನೆರಳು ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ಟ್ಯಾಂಕಿನ ನೆರಳು ಉದ್ದಕ್ಕೆ ಬಂದು ಪ್ಯಾನೆಲ್ ಮೇಲೆ ಬೀಳುತ್ತದೆ. ಹೊಸದಾಗಿ ಹಾಕಿಸುವವರು ಡಿಸೆಂಬರ್‌ನಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಎಲ್ಲಿ ಬೀಳುತ್ತದೆಂದು ಕೇಳಿಯೇ ಜಾಗ ಗುರುತಿಸಿ. ಪ್ಯಾನೆಲ್‌ನ ಮುಖ ದಕ್ಷಿಣಕ್ಕಿರಲಿ. ಓರೆ ಮೈಸೂರಿನಲ್ಲಿ ಸುಮಾರು 12 ಡಿಗ್ರಿ, ಬೆಳಗಾವಿಯಲ್ಲಿ 16 ಡಿಗ್ರಿ ಇದ್ದರೆ ಒಳ್ಳೆಯದು.

ದೂಳು, ಬೂದಿ, ಹಕ್ಕಿ

ಬಯಲುಸೀಮೆಯಲ್ಲಿ ರಸ್ತೆಯ ದೂಳು, ಕಬ್ಬಿನ ಸೀಮೆಯಲ್ಲಿ ರವದಿ ಸುಟ್ಟ ಬೂದಿ, ಕರಾವಳಿಯಲ್ಲಿ ಪಾಚಿ ಮತ್ತು ಎಲೆ ಕೂರುತ್ತವೆ. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ತೊಳೆಯಿರಿ. ಬಿಸಿಲೇರುವ ಮುನ್ನ, ಇನ್ವರ್ಟರ್ ಆಫ್ ಮಾಡಿ, ಬರೀ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸೋಪಿನ ಪುಡಿ, ತಂತಿ ಬ್ರಷ್ ಬೇಡ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ತಕ್ಷಣ ಒರೆಸಿ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ವೈರ್ ಮುಟ್ಟಬೇಡಿ. ಇನ್ವರ್ಟರ್ ಆಫ್ ಇದ್ದರೂ ಬೆಳಕು ಬಿದ್ದ ಪ್ಯಾನೆಲ್‌ನ ವೈರ್‌ನಲ್ಲಿ ಕರೆಂಟ್ ಇರುತ್ತದೆ.

ಪ್ಯಾನೆಲ್ ಕೆಳಗೆ ಪಾರಿವಾಳ ಗೂಡು ಕಟ್ಟುವುದು ಸಾಮಾನ್ಯ. ಮೊದಲ ದಿನವೇ ಸುತ್ತ ಜಾಲರಿ ಕಟ್ಟಿಸಿದರೆ ಹಕ್ಕಿಗೂ ತೊಂದರೆಯಿಲ್ಲ, ನಮಗೂ ಇಲ್ಲ. ಈಗಾಗಲೇ ಮೊಟ್ಟೆ ಮರಿ ಇದ್ದರೆ ಅವು ಹಾರಿಹೋಗುವವರೆಗೆ ಕಾದು ನಂತರ ಜಾಲರಿ ಹಾಕಿಸಿ.

ನಿಮ್ಮದು ಯಾವ ಬಗೆ?

ನೆಟ್ ಮೀಟರ್ ಇದ್ದರೆ, ಹಗಲು ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಬಳಸಿದ್ದರಲ್ಲಿ ಕಳೆದು ಬಿಲ್ ಮಾಡುತ್ತಾರೆ. ತಿಂಗಳ ಕೊನೆಗೆ ಮಿಕ್ಕಿದ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ಮನೆಯ ಖರ್ಚಿಗೆ ಬೇಕಾದಷ್ಟೇ ಕಿಲೋವ್ಯಾಟ್ ಹಾಕಿಸುವುದು ಜಾಣತನ. ಗೃಹಜ್ಯೋತಿಯಿಂದ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಉಳಿತಾಯವೇ ಹೆಚ್ಚಿಲ್ಲ, ವಿಚಾರ ಮಾಡಿ ಮುಂದುವರಿಯಿರಿ.

ಬ್ಯಾಟರಿ ಇಲ್ಲದ ಇಂಥ ವ್ಯವಸ್ಥೆ, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವವರ ಜೀವ ಉಳಿಸಲು ಮಾಡಿದ ಏರ್ಪಾಡು ಅದು. ಹಗಲು ಬಹಳ ಹೊತ್ತು ಕರೆಂಟ್ ಹೋಗುವ ಹಳ್ಳಿಗಳಲ್ಲಿ ಆ ಹೊತ್ತಿನ ಬಿಸಿಲು ಪೂರ್ತಿ ವ್ಯರ್ಥ. ಅಂಥ ಕಡೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬಗ್ಗೆ ಯೋಚಿಸಬಹುದು.

ಬ್ಯಾಟರಿ ಇರುವವರು ಮೋಟಾರ್, ವಾಷಿಂಗ್ ಮೆಷಿನ್, ಗ್ರೈಂಡರ್ ಕೆಲಸಗಳನ್ನು ಬೆಳಿಗ್ಗೆ 10ರಿಂದ 3ರೊಳಗೆ ಒಂದೊಂದಾಗಿ ಮುಗಿಸಿ. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಒಂದಿಷ್ಟು ಸೋರಿಹೋಗುತ್ತದೆ, ನೇರ ಬಳಸಿದರೆ ಆ ನಷ್ಟವಿಲ್ಲ. ಸೂರ್ಯಾಸ್ತದ ಮುನ್ನ ಊಟ ಮುಗಿಸುವ ನಮ್ಮ ಮನೆಗಳಿಗೆ ಅಡುಗೆ ಕೆಲಸವನ್ನು ಹಗಲಿಗೆ ಹೊಂದಿಸುವುದು ಕಷ್ಟವೇನಲ್ಲ.

ಒಂದು ಸಣ್ಣ ಪುಸ್ತಕ

ಇನ್ವರ್ಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ನೇತುಹಾಕಿ. ಪ್ರತಿ ಸಂಜೆ ತಾರೀಖು, ಆ ದಿನದ ಯೂನಿಟ್, ಬಿಸಿಲೋ ಮೋಡವೋ ಇಷ್ಟು ಬರೆಯಿರಿ. ಅರ್ಧ ನಿಮಿಷದ ಕೆಲಸ, ಮಕ್ಕಳಿಗೂ ವಹಿಸಬಹುದು. ತೊಳೆದ ಮರುದಿನ ಯೂನಿಟ್ ಏರಿದರೆ ಕಾರಣ ದೂಳು. ಡಿಸೆಂಬರ್‌ನಲ್ಲಿ ಒಳ್ಳೆಯ ಬಿಸಿಲಿದ್ದೂ ಇಳಿದರೆ ನೆರಳು ನೋಡಿ. ಇದ್ದಕ್ಕಿದ್ದಂತೆ ಅರ್ಧಕ್ಕೆ ಬಿದ್ದರೆ ಸಂಪರ್ಕದಲ್ಲೋ ಇನ್ವರ್ಟರ್‌ನಲ್ಲೋ ದೋಷವಿರಬಹುದು, ಹಾಕಿಕೊಟ್ಟವರನ್ನು ಅಂದೇ ಕರೆಯಿರಿ.

ಸಹಾಯಧನದಲ್ಲಿ ಹಾಕಿಸಿದ ಪ್ಯಾನೆಲ್‌ಗಳಿಗೆ 5 ವರ್ಷದ ನಿರ್ವಹಣೆ ಹಾಕಿಕೊಟ್ಟವರದೇ ಜವಾಬ್ದಾರಿ. "ಯಾಕೋ ಕಡಿಮೆ ಬರುತ್ತಿದೆ" ಎಂದರೆ ಮೋಡದ ನೆಪ ಹೇಳಿ ಕಳಿಸಬಹುದು. ತಾರೀಖು ಸಮೇತ ಬರೆದ ಪುಸ್ತಕ ಮುಂದಿಟ್ಟರೆ ಬಂದು ನೋಡಲೇಬೇಕಾಗುತ್ತದೆ.