ಮನೆಯೊಳಗಿನ ಚಿತ್ರಶಾಲೆ

ಚಿತ್ರ ಬರೆಯುವುದೆಂದರೆ ಬೆಟ್ಟವನ್ನೋ ದೇವಾಲಯವನ್ನೋ ರಾಜಸಭೆಯನ್ನೋ ಬರೆಯುವುದೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಅಡಿಗೆಮನೆಯ ಬುಟ್ಟಿಯಲ್ಲಿರುವ ಮೂಲಂಗಿ, ಒಲೆಯ ಬಳಿ ಸುರುಟಿಕೊಂಡು ಮಲಗಿದ ಬೆಕ್ಕು, ಇವೂ ಚಿತ್ರಕ್ಕೆ ವಿಷಯವಾದಾವೆ ಎಂದು ನಗುವವರುಂಟು. ಮನೆಯ ಹುಡುಗಿಯು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅಂಥದೊಂದನ್ನು ಗೀಚಿದರೆ, ಕಾಗದವೂ ಹೊತ್ತೂ ಹಾಳಾಯಿತೆಂದು ಗದರುವುದೇ ವಾಡಿಕೆ. ಇಂಥ ವಸ್ತುಗಳನ್ನೇ ದಿನದಿನವೂ ನೋಡಿ ನೋಡಿ ಬರೆದು, ಅದರಿಂದಲೇ ತನ್ನ ಬಾಳಿನ ದಾರಿಯನ್ನು ತೆರೆದುಕೊಂಡ ಒಬ್ಬ ಸ್ತ್ರೀಯ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಆಕೆಯೇ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್.

ಆಕೆಯು ೧೮೬೬ನೆಯ ಇಸವಿ ಜುಲೈ ೨೮ರಂದು ಲಂಡನ್ ನಗರದ ಸಿರಿವಂತ ಮನೆತನವೊಂದರಲ್ಲಿ ಹುಟ್ಟಿದಳು. ಆ ಕಾಲದ ದೊಡ್ಡ ಮನೆಗಳ ಅನೇಕ ಹೆಣ್ಣುಮಕ್ಕಳಂತೆ ಆಕೆಯೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಪಾಠವೆಲ್ಲ ಮನೆಗೆ ಬರುತ್ತಿದ್ದ ಉಪಾಧ್ಯಾಯಿನಿಯರಿಂದಲೇ. ತನಗಿಂತ ಸುಮಾರು ಆರು ವರ್ಷ ಕಿರಿಯನಾದ ತಮ್ಮ ಬರ್ಟ್ರಮನು ಆಟಕ್ಕೆ ಜೊತೆಗಾರನಾಗಿದ್ದನು. ಅವನೂ ಓದಿಗಾಗಿ ದೂರ ಹೋದ ಮೇಲೆ, ಮಹಡಿಯ ಮೇಲಣ ಕೋಣೆಯಲ್ಲಿ ಆಕೆಗೆ ಉಳಿದ ಸಂಗಾತಿಗಳೆಂದರೆ ಸಾಕಿದ ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿಗಳು. ಆ ಪ್ರಾಣಿಗಳೇ ಆಕೆಯ ಚಿತ್ರಪಾಠದ ಗುರುಗಳಾದುವು. ಎಂಟೊಂಬತ್ತು ವರ್ಷದವಳಿದ್ದಾಗ ಕಂಬಳಿಹುಳುಗಳನ್ನು ಬರೆದು, ಅವುಗಳ ನಡವಳಿಕೆಯನ್ನೂ ಗುರುತು ಹಾಕಿಟ್ಟ ಪುಸ್ತಕವು ಇಂದಿಗೂ ಉಳಿದಿದೆ.

ಆಕೆಯ ಅಭ್ಯಾಸದ ಕ್ರಮವು ಗಮನಿಸತಕ್ಕದ್ದು. ಒಂದೇ ಮೊಲದ ತಲೆಯನ್ನು ಒಂದೇ ಹಾಳೆಯ ಮೇಲೆ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಮತ್ತೆ ಮತ್ತೆ ಬರೆಯುವಳು. ಮೊದಲು ಸೀಸದ ಕಡ್ಡಿಯಿಂದ ಹಗುರವಾದ ಗೆರೆ. ಆಮೇಲೆ ನೀರಿನಲ್ಲಿ ಕಲಸಿದ ತೆಳು ಬಣ್ಣ. ಅದು ಒಣಗಿದ ಮೇಲೆ ಸಣ್ಣ ಕುಂಚದಿಂದ ರೋಮ ರೋಮವಾಗಿ ಗಾಢ ಬಣ್ಣ. ಜಲವರ್ಣದಲ್ಲಿ ಬಿಳುಪೆಂಬುದು ಬಹುಮಟ್ಟಿಗೆ ಕಾಗದದ್ದೇ. ಮೊಲದ ಕಣ್ಣಿನಲ್ಲಿ ಹೊಳೆಯುವ ಚುಕ್ಕೆಯನ್ನು ಬಣ್ಣ ಹಾಕದೆ ಬಿಟ್ಟೇ ತೋರಿಸಬೇಕು. ಬರೆದುದನ್ನು ಒರಸಿ ತಿದ್ದುವುದು ಸುಲಭವಲ್ಲವಾದುದರಿಂದ, ಕುಂಚವೆತ್ತುವ ಮೊದಲೇ ಕಣ್ಣು ತನ್ನ ಕೆಲಸವನ್ನು ಮುಗಿಸಿರಬೇಕು. ಸತ್ತ ಪ್ರಾಣಿಗಳನ್ನು ಅಕ್ಕತಮ್ಮಂದಿರು ಬೇಯಿಸಿ, ಎಲುಬುಗಳನ್ನು ಬಿಡಿಸಿ, ಜೋಡಿಸಿ ಪರೀಕ್ಷಿಸುತ್ತಿದ್ದರಂತೆ! ನಮ್ಮ ಗೃಹಿಣಿಯರು ಮೂಗು ಮುರಿದರೆ ಆಶ್ಚರ್ಯವಿಲ್ಲ. ಆದರೆ ಮುಂದೆ ಆಕೆಯು ಮೊಲಕ್ಕೆ ನೀಲಿಯ ಅಂಗಿ ತೊಡಿಸಿ ನಿಲ್ಲಿಸಿದಾಗ, ಆ ಅಂಗಿಯೊಳಗೆ ನಿಜವಾದ ಮೊಲವೇ ನಿಂತಂತೆ ಕಾಣುವುದು ಈ ಶ್ರಮದಿಂದಲೇ.

ಈ ಗುರುಗಳು ಶಿಷ್ಯೆಯನ್ನು ಗೋಳು ಹುಯ್ದುಕೊಂಡುದೂ ಉಂಟು. ೧೮೯೦ರಲ್ಲಿ ಬೆಂಜಮಿನ್ ಎಂಬ ಮೊಲದ ಚಿತ್ರಗಳನ್ನು ಹಬ್ಬದ ಶುಭಾಶಯಪತ್ರಗಳಿಗೆ ಮಾರಿ, ಆಕೆಯು ೬ ಪೌಂಡು ಗಳಿಸಿದಳು. ಸಂತೋಷದಿಂದ ಆ ಮೊಲಕ್ಕೆ ಒಂದು ಬಟ್ಟಲು ಭಂಗಿಯ ಬೀಜವನ್ನು ತಿನ್ನಿಸಲು, ಮರುದಿನ ಅದು ಅಮಲೇರಿ, ಚಿತ್ರಕ್ಕೆ ಕೂರದೆ ಹಾರಾಡಿತು. ಮೈಯೆಲ್ಲ ಮುಳ್ಳಿರುವ ಹೆಜ್‌ಹಾಗ್ ಎಂಬ ಪುಟ್ಟ ಪ್ರಾಣಿಯು ತೊಡೆಯ ಮೇಲೆ ಸುಖವಾಗಿ ನಿದ್ರಿಸುವುದು. ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆಯಾಯಿತೆಂದರೆ ಮೊದಲು ಆಕಳಿಸಿ, ಆಮೇಲೆ ಕಚ್ಚುವುದು. ಪರಿಚಿತರಿಂದ ಎರವಲು ತಂದ ಗಿನಿಹಂದಿಯೊಂದು ಒತ್ತುಕಾಗದ, ರಟ್ಟು, ದಾರಗಳನ್ನು ತಿಂದು ರಾತ್ರಿಯೇ ಸತ್ತುಹೋಯಿತು. ಬರೆದ ಚಿತ್ರವನ್ನೇ ಅದರ ಒಡತಿಗೆ ಕೊಟ್ಟು ಸಮಾಧಾನಪಡಿಸಬೇಕಾಯಿತು.

ತಿನಿಸುಗಳ ಚಿತ್ರದಲ್ಲಿಯೂ ಆಕೆಯ ನಿಷ್ಠೆ ಇಷ್ಟೇ. ಆಕೆಯ ಪೀಟರ್ ಮೊಲವು ತೋಟಕ್ಕೆ ನುಗ್ಗಿ ತಿನ್ನುವ ಕೆಂಪು ಮೂಲಂಗಿಗೆ ನೆಲದಿಂದ ಆಗತಾನೆ ಕಿತ್ತ ಹಸಿತನವುಂಟು. ೧೯೦೪ರ ಕಥೆಯೊಂದರಲ್ಲಿ ಎರಡು ಇಲಿಗಳು ಬೊಂಬೆಯ ಮನೆಗೆ ನುಗ್ಗಿ, ಬಣ್ಣದ ಭಕ್ಷ್ಯಗಳನ್ನು ಕಂಡು ಹಿಗ್ಗುತ್ತವೆ. ಕತ್ತರಿಸಹೋದರೆ ಎಲ್ಲವೂ ಸುಣ್ಣದ ಗಾರೆ! ಅದಕ್ಕಾಗಿ ಪುಸ್ತಕದ ಪ್ರಕಾಶಕನಾದ ನಾರ್ಮನ್ ವಾರ್ನನು ಕಳುಹಿಸಿದ ಆಟದ ತಿನಿಸುಗಳನ್ನು ಎದುರಿಗಿಟ್ಟುಕೊಂಡೇ ಆಕೆಯು ಬರೆದಳು. ಕಾಡಿನ ಅಣಬೆಗಳನ್ನಂತೂ ೩೦೦ಕ್ಕೂ ಮಿಕ್ಕು ಜಲವರ್ಣಗಳಲ್ಲಿ ಚಿತ್ರಿಸಿದಳು. ಈ ವಿಷಯದಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಷ್ ಎಂಬ ಅಂಚೆಯವನು ಆಕೆಗೆ ಸಲಹೆಗಾರನಾಗಿದ್ದು, ಅಂಚೆಯ ಮೂಲಕ ಅಣಬೆಗಳನ್ನು ಕಳುಹಿಸುತ್ತಿದ್ದನು.

ಇಷ್ಟಾದರೂ ಹೊರಲೋಕದ ಬಾಗಿಲು ಆಕೆಗೆ ಸುಲಭವಾಗಿ ತೆರೆಯಲಿಲ್ಲ. ೧೮೯೭ರಲ್ಲಿ ಅಣಬೆಗಳ ಬೀಜಕಣಗಳು ಮೊಳೆಯುವ ಬಗೆಯನ್ನು ಕುರಿತು ಆಕೆ ಬರೆದ ಪ್ರಬಂಧವು ಲಂಡನ್ನಿನ ಲಿನಿಯನ್ ವಿದ್ವತ್ಸಂಘದ ಮುಂದೆ ಬಂದಿತು. ಅಲ್ಲಿನ ಸಭೆಗಳಿಗೆ ಸ್ತ್ರೀಯರಿಗೆ ಪ್ರವೇಶವಿಲ್ಲದ ಕಾರಣ, ಬೇರೊಬ್ಬ ವಿದ್ವಾಂಸನು ಅದನ್ನು ಮಂಡಿಸಬೇಕಾಯಿತು. ಆ ಚಿತ್ರಗಳಲ್ಲಿ ಹಲವು, ಎಷ್ಟೋ ಕಾಲದ ಮೇಲೆ, ೧೯೬೭ರಲ್ಲಿ ಅಣಬೆಗಳ ಗ್ರಂಥವೊಂದರಲ್ಲಿ ಅಚ್ಚಾದುವು.

ದಾರಿ ತೆರೆದದ್ದು ಮನೆಯ ಮೊಲದಿಂದಲೇ. ೧೮೯೩ರ ಸೆಪ್ಟೆಂಬರ್ ೪ರಂದು, ತನ್ನ ಹಳೆಯ ಉಪಾಧ್ಯಾಯಿನಿಯ ಐದು ವರ್ಷದ ಮಗನು ಕಾಯಿಲೆ ಬಿದ್ದಿರಲು, ಆಕೆಯು ಅವನಿಗೆ ಪೀಟರ್ ಮೊಲದ ಕಥೆಯನ್ನು ಚಿತ್ರಸಹಿತವಾಗಿ ಕಾಗದದಲ್ಲಿ ಬರೆದು ಕಳುಹಿಸಿದಳು. ಮುಂದೆ ಅದನ್ನು ಪುಸ್ತಕವಾಗಿಸಲು ಪ್ರಕಾಶಕರು ಒಪ್ಪದಿರಲು, ೧೯೦೧ರಲ್ಲಿ ಸ್ವಂತ ಹಣದಿಂದ ೨೫೦ ಪ್ರತಿಗಳನ್ನು ಅಚ್ಚು ಮಾಡಿಸಿದಳು. ೧೯೦೨ರಲ್ಲಿ ವಾರ್ನ್ ಸಂಸ್ಥೆಯವರು ಬಣ್ಣದ ಚಿತ್ರಗಳೊಡನೆ ಪ್ರಕಟಿಸಿದರು. ಆ ಪುಟ್ಟ ಪುಸ್ತಕವನ್ನು ಲೋಕದ ಮಕ್ಕಳು ಇಂದಿಗೂ ಕೈಬಿಟ್ಟಿಲ್ಲ. ಮಾದರಿಯಾದ ಪೀಟರ್ ಮಾತ್ರ ೧೯೦೧ರ ಜನವರಿಯಲ್ಲಿಯೇ ಸತ್ತಿದ್ದಿತು.

೧೯೦೫ರಲ್ಲಿ ಸುಖವೂ ದುಃಖವೂ ಒಟ್ಟಿಗೆ ಬಂದುವು. ನಾರ್ಮನನು ಆಕೆಯನ್ನು ವರಿಸಲು ಕೇಳಿದನು. ವ್ಯಾಪಾರದ ಮನೆಯವನೆಂದು ತಂದೆತಾಯಿಗಳು ಒಪ್ಪಲಿಲ್ಲ. ಆದರೂ ಬಿಯಾಟ್ರಿಕ್ಸಳು ಒಪ್ಪಿದಳು. ಸುಮಾರು ಒಂದು ತಿಂಗಳಿನಲ್ಲಿಯೇ, ಆಗಸ್ಟ್ ೨೫ರಂದು, ನಾರ್ಮನನು ರೋಗದಿಂದ ತೀರಿಕೊಂಡನು. ಆ ವರ್ಷವೇ ಆಕೆಯು ಪುಸ್ತಕಗಳ ಸಂಪಾದನೆಯೂ ವಾರಸಾಗಿ ಬಂದ ಸಣ್ಣ ಮೊತ್ತವೂ ಸೇರಿದ ಹಣದಿಂದ, ಸರೋವರಗಳ ನಾಡಿನಲ್ಲಿ ಹಿಲ್ ಟಾಪ್ ಎಂಬ ಬೇಸಾಯದ ಮನೆಯನ್ನು ಕೊಂಡಳು. ಅಲ್ಲಿಯ ಒಲೆ, ತೋಟ, ಬೆಕ್ಕು, ಬಾತುಕೋಳಿಗಳೆಲ್ಲ ಮುಂದಿನ ಪುಸ್ತಕಗಳ ಚಿತ್ರಗಳಾದುವು. ೧೯೧೩ರಲ್ಲಿ ವಿಲಿಯಂ ಹೀಲಿಸ್ ಎಂಬುವನನ್ನು ಮದುವೆಯಾಗಿ, ಕುರಿ ಸಾಕಿ, ಭೂಮಿಯನ್ನು ಸೇರಿಸಿ, ೧೯೪೩ರ ಡಿಸೆಂಬರ್ ೨೨ರಂದು ತೀರಿಕೊಂಡಾಗ ೪೦೦೦ ಎಕರೆಗೂ ಮಿಕ್ಕ ನೆಲವನ್ನು ನಾಡಿನ ಜನಕ್ಕಾಗಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದಳು.

ಮನೆಯಲ್ಲಿ ಚಿತ್ರ ಬರೆಯುವವರೆಲ್ಲರೂ ಬಿಯಾಟ್ರಿಕ್ಸಳಾಗುವರೆಂದು ನಾವು ಹೇಳಲಾರೆವು. ಆದರೆ ಬದನೆಕಾಯಿಯನ್ನು ಒಮ್ಮೆ ಬರೆದುನೋಡಿದವರಿಗೆ, ಅದರ ನೇರಿಳೆಯೊಳಗೆ ಅಡಗಿರುವ ಕೆಂಪೂ, ಬೆನ್ನಿನ ಮೇಲೆ ಬಿದ್ದ ಕಿಟಕಿಯ ಬೆಳಕೂ ಆ ದಿನ ಮೊದಲ ಬಾರಿಗೆ ಕಾಣುವುವು. ನಿದ್ರಿಸುವ ಬೆಕ್ಕನ್ನು ಬರೆಯಹೋದ ಮಗುವಿಗೆ, ಉಸಿರಿಗೆ ಅದರ ಪಕ್ಕೆ ಏರಿಳಿಯುವುದು ತಿಳಿಯುವುದು. ಆ ಮಗುವು ಅದಕ್ಕೆ ಕಲ್ಲೆಸೆಯಲಾರದು. ಒಂದು ಸೀಸದ ಕಡ್ಡಿ, ಹಾಳೆಗಳನ್ನು ಹೊಲಿದ ಒಂದು ಪುಸ್ತಕ, ನಾಲ್ಕಾರು ಬಣ್ಣ, ಒಂದು ಲೋಟ ನೀರು, ದಿನಕ್ಕೆ ಕಾಲು ಗಂಟೆಯ ಬಿಡುವು: ಇಷ್ಟೇ ಬೇಕಾದುದು. ಮನೆಯ ಹುಡುಗಿ ನಾಳೆ ಲೆಕ್ಕದ ಪುಸ್ತಕದಲ್ಲಿ ಬೆಕ್ಕನ್ನು ಬರೆದು ತೋರಿಸಿದರೆ, ಹಿರಿಯರು ಮೊದಲು ಆ ಚಿತ್ರವನ್ನು ನೋಡಲಿ; ಲೆಕ್ಕವನ್ನು ಆಮೇಲೆ ಕೇಳಲಿ.