ದನಿ ಉಳಿಸುವ ವಿಕಿರಣ

ಮೂರು ವಾರ ಕಳೆದರೂ ಒಡೆದ ದನಿ ಸರಿಹೋಗದಿದ್ದರೆ ಕಷಾಯ ಕುಡಿಯುತ್ತ ಕೂರಬೇಡಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ ವಿಕಿರಣ ಚಿಕಿತ್ಸೆಯೊಂದರಿಂದಲೇ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಹತೋಟಿಗೆ ಬರುತ್ತದೆ. ದನಿಯೂ ಉಳಿಯುತ್ತದೆ. ದನಿಯಿಂದಲೇ ಅನ್ನ ಕಾಣುವ ನನ್ನಂಥವರಿಗೆ ಇದು ಸಣ್ಣ ಮಾತಲ್ಲ. ಬೆಳೆದ ಗೆಡ್ಡೆಗೆ ಈ ಲೆಕ್ಕ ಹೊಂದದು. ಅಲ್ಲಿ ಕೀಮೋಥೆರಪಿಯೋ ಶಸ್ತ್ರಚಿಕಿತ್ಸೆಯೋ ಜೊತೆಗೆ ಬೇಕಾಗಬಹುದು.

ನಮ್ಮವರು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಆದರೆ ಶಾಕ್ ಹೊಡೆಯುವುದಿಲ್ಲ. ಮುಖದ ಅಚ್ಚಿನಂಥ ಪ್ಲಾಸ್ಟಿಕ್ ಮುಖವಾಡ ತೊಡಿಸಿ, ಅಲುಗದಂತೆ ಮಲಗಿಸಿ, ಕೆಲವೇ ನಿಮಿಷ ಕಿರಣ ಹಾಯಿಸುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ.

ಚಿಕ್ಕ ಗೆಡ್ಡೆಗೆ ಕಿರಣ ಬೀಳುವ ಜಾಗವೂ ಪುಟ್ಟದು. ದೊಡ್ಡದಾದರೆ ಜೊಲ್ಲುಗ್ರಂಥಿಗಳಿಗೂ ಪೆಟ್ಟು. ಇದನ್ನು ತಗ್ಗಿಸಲು ಬಂದದ್ದು ಐ.ಎಂ.ಆರ್.ಟಿ. ಇದರಲ್ಲಿ ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುತ್ತಾರೆ. ನಮ್ಮ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವೈದ್ಯರು 60 ರೋಗಿಗಳಲ್ಲಿ ಇದನ್ನು ತ್ರೀ-ಡಿ ವಿಧಾನದೊಂದಿಗೆ ಹೋಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಚಿಕಿತ್ಸೆಯ ವೇಳೆ ಜೊಲ್ಲುಗ್ರಂಥಿಗೆ ಗಣನೀಯ ತೊಂದರೆಯಾದವರು ತ್ರೀ-ಡಿಯಲ್ಲಿ ಶೇಕಡಾ 89, ಐ.ಎಂ.ಆರ್.ಟಿ.ಯಲ್ಲಿ 59. ರೋಗದ ಹತೋಟಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಈ ವಿಧಾನದ ಮುಖ್ಯ ಲಾಭ ಬಾಯಿಯ ಪಸೆ. ಒಣಬಾಯಲ್ಲಿ ಜೋಳದ ರೊಟ್ಟಿ ಅಗಿದವರಿಗೆ ಅದರ ಬೆಲೆ ಗೊತ್ತು.

ನಿಜವಾದ ಕಷ್ಟ ಮೂರನೇ ವಾರದ ಹೊತ್ತಿಗೆ ಶುರು. ಗಂಟಲು ಹುಣ್ಣಾಗಿ ಉಗುಳು ನುಂಗಲೂ ನೋವು, ನಾಲಿಗೆಗೆ ರುಚಿಯಿಲ್ಲ, ಕತ್ತಿನ ಚರ್ಮ ಕಪ್ಪು, ದನಿ ಇನ್ನಷ್ಟು ಗೊಗ್ಗರು. ರೋಗ ಹೆಚ್ಚಿತೆಂದು ಹೆದರಿ ಚಿಕಿತ್ಸೆ ಬಿಡುವವರುಂಟು. ಸೊಲ್ಲಾಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ತಂಗಿದವರಿಗೆ ಊರಿನ ನೆನಪಾಗುವುದೂ ಆಗಲೇ. ಬಿಡಬೇಡಿ. ನಡುವೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆಲ್ಲ ಹತೋಟಿಯ ಸಾಧ್ಯತೆ ಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆ. ಮಳೆಗೆ ಲೋಕಲ್ ನಿಂತು ದಿನ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ತಿಳಿಸಿ. ಶನಿವಾರವೋ, ಆರು ಗಂಟೆಯ ಅಂತರದಲ್ಲಿ ದಿನಕ್ಕೆರಡು ಬಾರಿಯೋ ಕೊಟ್ಟು ಸರಿದೂಗಿಸುವ ಕ್ರಮವಿದೆ.

ಖಾರವಿಲ್ಲದ ಗಂಜಿ, ರಾಗಿ ಅಂಬಲಿ ಇಳಿಯುತ್ತದೆ. ಅದೂ ಇಳಿಯದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ಅದು ಕೊನೆಗಾಲದ ಗುರುತಲ್ಲ, ತೂಕ ಇಳಿಯದಿರಲು ಮಾಡುವ ತಾತ್ಕಾಲಿಕ ಏರ್ಪಾಟು. ಹುಣ್ಣು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ, ರುಚಿ ಮರಳಲು ತಿಂಗಳುಗಳೇ ಬೇಕು. ಬಾಯಿ ಒಣಗುವುದು ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ತಂಬಾಕು, ಬೀಡಿ ಮುಂದುವರಿಸಿದರೆ ಚಿಕಿತ್ಸೆಯ ಫಲವೇ ಕುಗ್ಗುತ್ತದೆ.

ಥೈರಾಯ್ಡ್ ಕುಂದಬಹುದಾದ್ದರಿಂದ ಮುಂದೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತ ಪರೀಕ್ಷೆ ಬೇಕು. ಹುಳುಕು ಹಲ್ಲುಗಳನ್ನು ವಿಕಿರಣಕ್ಕೆ ಮೊದಲೇ ತೋರಿಸಿಬಿಡಿ. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಎಷ್ಟೋ ವರ್ಷಗಳ ನಂತರ ಹಲ್ಲುನೋವು ಬಂದರೂ ದಂತವೈದ್ಯರಿಗೆ ಮೊದಲು ವಿಕಿರಣದ ಹಳೆಯ ಕಾಗದ ತೋರಿಸಿ.